ಇದು ಯಾವ ಮರ, ತಿನ್ನಬಹುದೇ? ಕಾಸರಗೋಡಿನ ಗುಡ್ಡೆ, ತೋಟ, ಹೊಳೆಬದಿಯ ಮರಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಂಜೇಶ್ವರ, ಬದಿಯಡ್ಕ, ಮುಳ್ಳೇರಿಯ ಕಡೆಯ ಕನ್ನಡ ಶಾಲೆಗಳ ಮಕ್ಕಳನ್ನು ಗುಡ್ಡೆಗೆ ಕರೆದುಕೊಂಡು ಹೋಗಿ ಮರ ತೋರಿಸುವ ಕೆಲಸವನ್ನು ಕೆಲವು ವರ್ಷಗಳಿಂದ ಮಾಡುತ್ತಿದ್ದೇನೆ. ಮಕ್ಕಳು ಕೇಳುವುದಕ್ಕಿಂತ ಹೆಚ್ಚು ಪ್ರಶ್ನೆ ಅವರ ಅಮ್ಮ, ಅಜ್ಜಂದಿರಿಂದ ಬರುತ್ತದೆ. ಒಂದೇ ಉತ್ತರವನ್ನು ಹತ್ತು ಸಲ ಬರೆದು ಕೈ ಸೋತಿತು, ಹಾಗಾಗಿ ಇಲ್ಲಿ ಒಟ್ಟಿಗೆ ಬರೆದಿಟ್ಟಿದ್ದೇನೆ.

ಎಲೆಯ ಫೋಟೋ ಕಳಿಸಿದರೆ ಯಾವ ಮರ ಎಂದು ಹೇಳುತ್ತೀರಾ?

ಒಂದು ಎಲೆಯನ್ನು ಕಿತ್ತು ಸಿಮೆಂಟ್ ಜಗಲಿಯ ಮೇಲಿಟ್ಟು ತೆಗೆದ ಫೋಟೋ ನೋಡಿ ಹೇಳುವುದು ಕಷ್ಟ. ಎಲೆ ಕೊಂಬೆಗೆ ಹೇಗೆ ಅಂಟಿಕೊಂಡಿದೆ ಎಂಬುದೇ ಮೊದಲ ಸುಳಿವು, ನೀವು ಅದನ್ನು ಮರದಲ್ಲೇ ಬಿಟ್ಟು ಬಂದಿರುತ್ತೀರಿ. ಎರಡೆರಡು ಎಲೆ ಎದುರುಬದುರಾಗಿವೆಯೇ, ಒಂದಾದ ಮೇಲೊಂದು ಅತ್ತಿತ್ತ ಇವೆಯೇ, ಕೊಂಬೆಯ ತುದಿಯಲ್ಲಿ ಗೊಂಚಲಾಗಿವೆಯೇ ಎಂದು ಕಾಣುವಂತೆ ಒಂದು ಗೆಲ್ಲಿನ ಫೋಟೋ ಬೇಕು. ಎಲೆಯ ಹಿಂಬದಿಯದ್ದು ಒಂದು. ಕಾಂಡದ ತೊಗಟೆಯದ್ದು ಒಂದು. ಹೂವೋ ಕಾಯಿಯೋ ಇದ್ದರೆ ಅದು, ಮರದಲ್ಲಿ ಇಲ್ಲದಿದ್ದರೆ ಬುಡದಲ್ಲಿ ಬಿದ್ದದ್ದಾದರೂ ಆಗಬಹುದು. ಮರ ಎಲ್ಲಿದೆ ಎಂದೂ ಬರೆಯಿರಿ. ಮುರಕಲ್ಲಿನ ಪಾರೆಯ ಮೇಲಿನ ಮರ, ತೋಡಿನ ಬದಿಯ ಮರ, ನಾಗಬನದ ಮರ ಎಂದು ಗೊತ್ತಾದರೆ ಅರ್ಧ ಹುಡುಕಾಟ ಮುಗಿಯಿತು.

ಇಷ್ಟೆಲ್ಲ ಕಳಿಸಿದರೂ ಎರಡು ಸಂಗತಿ ನನಗೆ ಫೋನಿನಲ್ಲಿ ಬರುವುದಿಲ್ಲ, ಎಲೆ ಹಿಸುಕಿದಾಗಿನ ಪರಿಮಳ ಮತ್ತು ಗೆಲ್ಲು ಮುರಿದಾಗ ಒಸರುವ ಸೊನೆ. ಅವನ್ನು ನೀವೇ ನೋಡಿ ಹೇಳಬೇಕು.

ಹೆಸರು ಹೇಳಿದರೆ ಸಾಕಲ್ಲವೇ? ನಮ್ಮ ಮನೆಯಲ್ಲಿ ಎಲ್ಲರಿಗೂ ಹೆಸರು ಗೊತ್ತಿದೆ.

ನಮ್ಮ ಜಿಲ್ಲೆಯ ಮಟ್ಟಿಗೆ ಹೆಸರನ್ನು ನಂಬಬಾರದು. ಒಂದೇ ಅಂಗಳದಲ್ಲಿ ಹವಿಗನ್ನಡ, ತುಳು, ಮಲಯಾಳ, ಶಾಲೆಯ ಕನ್ನಡ, ಒಮ್ಮೊಮ್ಮೆ ಕೊಂಕಣಿ, ಕರಾಡ, ಬ್ಯಾರಿ ಭಾಷೆಗಳೂ ಓಡಾಡುತ್ತವೆ. ಒಂದು ಮರಕ್ಕೆ ನಾಲ್ಕು ಹೆಸರಿರುವುದು ತೊಂದರೆಯಲ್ಲ. ನಾಲ್ಕು ಮರಕ್ಕೆ ಒಂದೇ ಹೆಸರಿರುವುದು ತೊಂದರೆ.

ಈಂದು ಎಂಬ ಹೆಸರನ್ನೇ ನೋಡಿ. ತುಳು ಕಡೆಯವರು ಹಲವರು ಬೈನೆ ಮರಕ್ಕೆ ಈಂದು ಅನ್ನುತ್ತಾರೆ, ಕಳ್ಳು ಇಳಿಸುವ ಮರ. ಮಲಯಾಳ ಮಾತಾಡುವವರು ಈಂದ್ ಎಂದರೆ ಅದು ಸೈಕಸ್, ತಾಳೆಯ ಜಾತಿಗೇ ಸೇರದ ಬೇರೆ ಗಿಡ. ಅದರ ಬೀಜವನ್ನು ಮಲಬಾರಿನಲ್ಲಿ ಹಿಟ್ಟು ಮಾಡಿ ತಿನ್ನುತ್ತಾರೆ, ಆದರೆ ಸೀಳಿ ಒಣಗಿಸಿ, ಮತ್ತೆ ಮತ್ತೆ ನೀರು ಬದಲಿಸಿ ನೆನೆಸಿ ವಿಷ ತೆಗೆದ ಮೇಲೆ. "ಈಂದಿನ ಹಿಟ್ಟು ತಿನ್ನಬಹುದಂತೆ" ಎಂದು ಯಾರೋ ಹೇಳಿದ್ದನ್ನು ಕೇಳಿ ಬಂದವರಿಗೆ ನಾನು ಮೊದಲು ಕೇಳುವುದು, ಯಾವ ಭಾಷೆಯ ಈಂದು?

ಹೊನ್ನೆಯದ್ದು ಇನ್ನೂ ಗೋಜಲು. ಕನ್ನಡದ ಹೊನ್ನೆ ಮಲಯಾಳದಲ್ಲಿ ವೇಂಗ, ತುಳುವಿನಲ್ಲಿ ಬೇಂಗ. ಕನ್ನಡದ ಸುರಹೊನ್ನೆ ಮಲಯಾಳದಲ್ಲಿ ಪುನ್ನ. ಮಲಯಾಳದ ಕೊನ್ನ ನಮ್ಮ ಕಕ್ಕೆ, ವಿಷುವಿಗೆ ಕಣಿ ಇಡುವ ಹಳದಿ ಹೂ. ಹೊನ್ನೆ, ಪುನ್ನ, ಕೊನ್ನ ಎಂದು ಬೇಗ ಬೇಗ ಹೇಳಿ ನೋಡಿ, ಮೂರೂ ಒಂದೇ ಅನಿಸುತ್ತದೆ. ಹೊನ್ನೆಯ ತೊಗಟೆಗೆ ಕತ್ತಿ ತಾಗಿದರೆ ರಕ್ತದಂತೆ ಕೆಂಪು ರಸ ಬರುತ್ತದೆ, ಕಾಯಿ ಸುತ್ತಲೂ ರೆಕ್ಕೆಯಿರುವ ಬಿಲ್ಲೆ. ಸುರಹೊನ್ನೆಯ ಎಲೆಯಲ್ಲಿ ನರಗಳು ಬಾಚಣಿಗೆಯ ಹಲ್ಲಿನಂತೆ ಒತ್ತೊತ್ತಾಗಿ ಸಾಲಾಗಿರುತ್ತವೆ, ಕಾಯಿ ಗೋಲಿಯಂತೆ ಗುಂಡು. ಕರೆಂಟು ಬರುವ ಮೊದಲು ಅದರ ಬೀಜದ ಎಣ್ಣೆಯಲ್ಲಿ ದೀಪ ಉರಿಯುತ್ತಿತ್ತು. ತಿನ್ನುವ ಎಣ್ಣೆಯಲ್ಲ ಅದು.

ನರ್ಸರಿಯಲ್ಲಿ, ರಸ್ತೆ ಬದಿಯ ಮರಗಳಲ್ಲಿ ಮಲಯಾಳದ ಹೆಸರು ಮಾತ್ರ ಬರೆದಿರುತ್ತಾರೆ. ನಮಗೆ ಗೊತ್ತಾಗುವುದು ಹೇಗೆ?

ಕಾಸರಗೋಡು ಕೇರಳಕ್ಕೆ ಸೇರಿದ 1956ರಿಂದ ಇರುವ ಗೋಳು ಇದು, ಮರದ ಬೋರ್ಡಿನಲ್ಲಿ ಮಾತ್ರವಲ್ಲ. ಸದ್ಯಕ್ಕೆ ಇಷ್ಟು ನೆನಪಿಟ್ಟುಕೊಳ್ಳಿ. ಪ್ಲಾವ್ ಎಂದರೆ ಹಲಸು, ಞಾವಲ್ ನೇರಳೆ, ತಾನ್ನಿ ತಾರೆ, ಇಲಂಞಿ ರೆಂಜೆ, ಉಂಙ್ ಹೊಂಗೆ, ವೀಟ್ಟಿ ಬೀಟೆ, ಕುಮಿಳ್ ಶಿವನೆ, ನೀರ್ಮರುದ್ ಹೊಳೆಮತ್ತಿ. ಕಶುಮಾವ್ ಅಥವಾ ಪರಂಗಿಮಾವ್ ಎಂದರೆ ಗೇರು. ಪರಂಗಿಯವರು ತಂದ ಮಾವು ಎಂದು ಹೆಸರಿನಲ್ಲೇ ಚರಿತ್ರೆ ಇದೆ, ಪೋರ್ಚುಗೀಸರು ತಂದದ್ದು. ನಾವು ಮಾತ್ರ ಕಾಡಿನ ಹಳೆಯ ಗೇರಿನ ಹೆಸರನ್ನೇ ಹೊಸ ಮರಕ್ಕೂ ಕೊಟ್ಟು ಸುಮ್ಮನಾದೆವು.

ಗೆಲ್ಲು ಮುರಿದು ಸೊನೆ ನೋಡಿ ಎಂದು ಯಾವಾಗಲೂ ಹೇಳುತ್ತೀರಿ. ಅದರಿಂದ ಏನು ತಿಳಿಯುತ್ತದೆ?

ಮರದ ಕುಲ ತಿಳಿಯುತ್ತದೆ. ಬಿಳಿ ಹಾಲು ಬಂದರೆ ಹಲಸು, ಹೆಬ್ಬಲಸು, ಅತ್ತಿ, ಆಲ, ಹಾಲೆ, ಚಿಕ್ಕು ಇವುಗಳಲ್ಲಿ ಯಾವುದೋ ಒಂದು ಇರಬಹುದು. ಆದರೆ ಬಿಳಿ ಹಾಲಿನವೆಲ್ಲ ಹಲಸಿನಷ್ಟು ಸಾಧು ಅಲ್ಲ. ಕುಂಬಳೆ, ಮೊಗ್ರಾಲ್, ಚಂದ್ರಗಿರಿ ಅಳಿವೆಗಳ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ ಒಂದು ಮರವಿದೆ, ಮಲಯಾಳದಲ್ಲಿ ಕಣ್ಣಾಂಪೊಟ್ಟಿ. ಅದರ ಹಾಲು ಕಣ್ಣಿಗೆ ಬಿದ್ದರೆ ಕಣ್ಣು ಹೋಗುವ ಅಪಾಯವಿದೆ, ಹೆಸರು ಇಟ್ಟವರು ಸುಮ್ಮನೆ ಇಟ್ಟಿಲ್ಲ. ಅಳಿವೆ ಬದಿಯಲ್ಲಿ ಗುರುತಿಲ್ಲದ ಮರದ ಗೆಲ್ಲು ಮುರಿಯಲೇಬೇಡಿ.

ಹಳದಿ ಸೊನೆ, ಎದುರುಬದುರು ದಪ್ಪ ಎಲೆ ಎರಡೂ ಇದ್ದರೆ ಪುನರ್ಪುಳಿ, ಮಂತುಹುಳಿ, ಜಾರಿಗೆಯ ಬಳಗ. ಕೆಂಪು ರಸ ಹೊನ್ನೆಯಲ್ಲಿ, ರಾಂಪತ್ರೆಯ ಬಳಗದಲ್ಲಿ. ನೀರಿನಂತೆ ಒಸರಿ ಆಮೇಲೆ ಟಾರಿನಂತೆ ಕಪ್ಪಾಗುವ ಸೊನೆ ಕಂಡರೆ ಕೈ ಹಿಂದೆ ತೆಗೆಯಿರಿ. ಅದು ಚೇರೆ, ಕರಿಗೇರುಗಳ ಗುರುತು, ಅವುಗಳ ವಿಷಯ ಮುಂದೆ ಬರುತ್ತದೆ.

ಸೊನೆ ನೋಡುವುದೆಂದರೆ ಎಲೆಯ ತೊಟ್ಟು ಒಂದು ಮುರಿದರೆ ಸಾಕು. ಅದಕ್ಕಾಗಿ ಮರಕ್ಕೆ ಕತ್ತಿ ಹಾಕುವ ಅಗತ್ಯವಿಲ್ಲ. ಬನದ ಮರಕ್ಕಂತೂ ಬೇಡವೇ ಬೇಡ.

ಕಾಸರಗೋಡಿಗೆ ಹೆಸರು ಬಂದದ್ದು ಕಾಸರಕದ ಮರದಿಂದ ಎನ್ನುತ್ತಾರೆ. ಆ ಮರ ಯಾವುದು?

ಹಾಗೆಂದು ಒಂದು ವಿವರಣೆ ಇದೆ. ಸಂಸ್ಕೃತದ ಕಾಸಾರ, ಅಂದರೆ ಕೆರೆ, ಎಂಬುದರಿಂದ ಬಂತು ಎನ್ನುವವರೂ ಇದ್ದಾರೆ. ಜಿಲ್ಲಾ ಪಂಚಾಯತು ಮಾತ್ರ ಮರದ ಪಕ್ಷ. ಕಾಞ್ಞಿರವನ್ನೇ, ಎಂದರೆ ನಮ್ಮ ಕಾಸರಕವನ್ನೇ, ಜಿಲ್ಲೆಯ ಮರ ಎಂದು ಘೋಷಿಸಿದೆ. ತುಳುವಿನಲ್ಲಿ ಕಾಯೆರ್. ಊರಿಗೆ ಹೆಸರು ಕೊಟ್ಟ ಮರವನ್ನು ಊರಿನ ಮಕ್ಕಳಿಗೆ ಗುರುತಿಸಲು ಬರುವುದಿಲ್ಲ ಎಂಬುದು ನನ್ನ ದೊಡ್ಡ ಚಿಂತೆ, ಏಕೆಂದರೆ ಅದು ವಿಷದ ಮರ.

ಎಲೆ ಎದುರುಬದುರು, ಅಗಲ, ಹೊಳಪು. ಬುಡದಿಂದಲೇ ಮೂರರಿಂದ ಐದು ನರಗಳು ತುದಿಯ ಕಡೆಗೆ ಬಾಗಿಕೊಂಡು ಹೋಗುತ್ತವೆ. ಹಣ್ಣು ಸಣ್ಣ ಕಿತ್ತಳೆಯಂತೆ, ಬಣ್ಣವೂ ಗಾತ್ರವೂ ಹಾಗೆಯೇ, ಸಿಪ್ಪೆ ಮಾತ್ರ ಗಟ್ಟಿ. ಒಳಗೆ ಬಿಳಿ ಲೋಳೆ, ಅದರಲ್ಲಿ ನಾಣ್ಯದಂತೆ ಚಪ್ಪಟೆಯಾದ ಬೂದು ಬಣ್ಣದ ಬೀಜಗಳು, ಮುಟ್ಟಿದರೆ ರೇಶಿಮೆಯ ಹಾಗೆ. ಬೀಜದಲ್ಲಿರುವುದು ಸ್ಟ್ರಿಕ್ನಿನ್ ಮತ್ತು ಬ್ರೂಸಿನ್. ಆಯುರ್ವೇದದಲ್ಲಿ ಶೋಧನೆ ಮಾಡಿ ಔಷಧಿಗೆ ಬಳಸುತ್ತಾರೆ. ಆ ಶೋಧನೆ ವೈದ್ಯರ ಕೆಲಸ, ನಮ್ಮ ಅಡಿಗೆಮನೆಯದ್ದಲ್ಲ.

ಕಾಸರಕದ ಎಲೆಯನ್ನು ಬೇರೆ ಯಾವುದರ ಜೊತೆ ತಪ್ಪು ತಿಳಿಯುವ ಸಾಧ್ಯತೆ ಇದೆ?

ದಾಲ್ಚಿನ್ನಿ. ಇದನ್ನು ಅನುಭವದಿಂದ ಹೇಳುತ್ತಿದ್ದೇನೆ. ಮೊದಲ ವರ್ಷ ಒಂದು ಗುಂಪಿನ ಜೊತೆ ಹೋಗಿದ್ದಾಗ, ಮೂರು ನರದ ಹೊಳೆಯುವ ಎಲೆ ಕಂಡ ಕೂಡಲೇ "ಇದು ಕಾಡು ದಾಲ್ಚಿನ್ನಿ ಮಕ್ಕಳೇ" ಎಂದು ದೊಡ್ಡ ಗಂಟಲಿನಲ್ಲಿ ಹೇಳಿಬಿಟ್ಟೆ. ಸೊಪ್ಪಿನ ಕಟ್ಟ ಹೊತ್ತು ಬರುತ್ತಿದ್ದ ಅಜ್ಜಿಯೊಬ್ಬರು ನಿಂತು, "ಮಾಷ್ಟ್ರೇ, ಒಮ್ಮೆ ಮೂಸಿ ನೋಡಿ" ಎಂದರು. ಮೂಸಿದೆ. ಹಸಿರು ಸೊಪ್ಪಿನ ವಾಸನೆ ಬಿಟ್ಟು ಬೇರೇನೂ ಇಲ್ಲ. "ಕಾಯೆರ್ ಅದು" ಎಂದು ಹೇಳಿ ಅಜ್ಜಿ ಹೋದರು. ಮಕ್ಕಳು ನಗಲಿಲ್ಲ, ಅದೇ ಹೆಚ್ಚು ನಾಚಿಕೆಯಾಯಿತು.

ಎರಡಕ್ಕೂ ಬುಡದಿಂದ ಹೊರಡುವ ಮೂರು ನರ, ಎರಡರ ಎಲೆಯೂ ಹೊಳಪು. ವ್ಯತ್ಯಾಸ ಇರುವುದು ಪರಿಮಳದಲ್ಲಿ. ದಾಲ್ಚಿನ್ನಿ ಎಲೆಯನ್ನು ಹಿಸುಕಿದರೆ ಪಲಾವಿನ ಪಾತ್ರೆಯ ಮುಚ್ಚಳ ತೆಗೆದಂತಾಗುತ್ತದೆ. ಚಿಗುರು ಕೆಂಪು. ಕಾಯಿ ಸಣ್ಣದು, ಬುಡದಲ್ಲಿ ಪುಟ್ಟ ಬಟ್ಟಲು ಹಿಡಿದಂತೆ. ಕಾಡು ದಾಲ್ಚಿನ್ನಿಯ ಎಲೆಯಲ್ಲಿ ಹಲಸಿನ ಹಣ್ಣಿನ ಕಡುಬು ಸುತ್ತಿ ಬೇಯಿಸುವ ಪದ್ಧತಿ ಕೇರಳದಲ್ಲಿ ಇರುವುದರಿಂದ ಈ ತಪ್ಪು ಬರೀ ಪರೀಕ್ಷೆಯ ತಪ್ಪಲ್ಲ. ಪರಿಮಳ ಬರದ ಎಲೆ ಅಡಿಗೆಗೆ ಬರಬಾರದು.

ಬಾಯಿಗೆ ಹಾಕಿ ಕಹಿ ನೋಡಿ ಗುರುತಿಸುತ್ತೇನೆ ಎನ್ನುವವರಿಗೂ ಒಂದು ಮಾತು. ರುಚಿ ಪರೀಕ್ಷೆ ಅಲ್ಲ. ಕಹಿಯಾದದ್ದೆಲ್ಲ ವಿಷವಲ್ಲ, ಹಾಗಲಕಾಯಿ ತಿನ್ನುವುದಿಲ್ಲವೇ? ವಿಷವಾದದ್ದೆಲ್ಲ ಕಹಿಯೂ ಅಲ್ಲ.

ಮಂಗ, ಹಕ್ಕಿ ತಿಂದ ಹಣ್ಣು ನಾವೂ ತಿನ್ನಬಹುದಲ್ಲವೇ?

ಇಲ್ಲ. ಕಾಸರಕದ ಹಣ್ಣಿನ ಲೋಳೆಯನ್ನು ಮಂಗಟ್ಟೆ ಹಕ್ಕಿಗಳೂ ಮುಸುವಗಳೂ ತಿನ್ನುತ್ತವೆ, ಬೀಜ ಹಾಗೆಯೇ ಹೊರಗೆ ಬೀಳುತ್ತದೆ. ಮರ ಹರಡುವುದೇ ಹೀಗೆ. ನಮ್ಮ ಮಕ್ಕಳು ಜಗಿಯುತ್ತಾರೆ.

ಆಟಿ ಅಮಾವಾಸ್ಯೆಯ ಕಷಾಯಕ್ಕೆ ಹಾಲೆ ಮರ ಗುರುತಿಸುವುದು ಹೇಗೆ?

ಪ್ರತಿ ವರ್ಷ ಜುಲೈ ಬಂತೆಂದರೆ ಈ ಪ್ರಶ್ನೆ ಬರುತ್ತದೆ, ಬರಬೇಕಾದ್ದೇ. ಸೂರ್ಯ ಹುಟ್ಟುವ ಮೊದಲು ಹೋಗಿ, ಕತ್ತಿ ಮುಟ್ಟಿಸದೆ ಕಲ್ಲಿನಿಂದ ಜಜ್ಜಿ ತೊಗಟೆ ತರಬೇಕು ಎಂಬುದು ಪದ್ಧತಿ. ಕತ್ತಲು, ಮಳೆ, ನಿದ್ದೆಗಣ್ಣು. ಮರ ತಪ್ಪಲು ಇದಕ್ಕಿಂತ ಒಳ್ಳೆಯ ಏರ್ಪಾಡು ಬೇಕೇ? ತಪ್ಪಿ ಬೇರೆ ಮರದ ತೊಗಟೆಯನ್ನು ಬರಿ ಹೊಟ್ಟೆಗೆ ಕುಡಿದರೆ ಜೀವಕ್ಕೇ ಕುತ್ತು.

ಹಾಲೆ, ತುಳುವಿನಲ್ಲಿ ಪಾಲೆ, ಮಲಯಾಳದಲ್ಲಿ ಏಳಿಲಂಪಾಲ. ಏಳೆಲೆ ಎಂದೇ ಹೆಸರು, ಸಪ್ತಪರ್ಣ ಎಂದರೂ ಅದೇ. ಎಲೆಗಳು ಒಂದೇ ಗಂಟಿನಿಂದ ಕೊಡೆಯ ಕಡ್ಡಿಗಳಂತೆ ಸುತ್ತಲೂ ಹರಡಿರುತ್ತವೆ. ಎಣಿಸಿದರೆ ಏಳೇ ಇರಬೇಕೆಂದಿಲ್ಲ, ಐದೋ ಆರೋ ಇರಬಹುದು, ಆದರೆ ಸುತ್ತು ಮಾತ್ರ ತಪ್ಪುವುದಿಲ್ಲ. ತೊಟ್ಟು ಮುರಿದರೆ ಬಿಳಿ ಹಾಲು. ಗೆಲ್ಲುಗಳೂ ಮಹಡಿ ಮಹಡಿಯಾಗಿ ಸುತ್ತಲೂ ಹೊರಡುತ್ತವೆ. ಕಾಯಿ ಜೋಡಿ ಜೋಡಿಯಾಗಿ ನೂಲಿನಂತೆ ಜೋತಾಡುತ್ತದೆ. ಕಾಸರಕದಲ್ಲಿ ಎಲೆ ಎರಡೆರಡೇ, ಹಾಲೂ ಇಲ್ಲ.

ನನ್ನ ಸಲಹೆ ಇಷ್ಟೇ. ಹಿಂದಿನ ದಿನ ಹಗಲಿನಲ್ಲಿ ಹೋಗಿ ಎಲೆಯ ಸುತ್ತು ನೋಡಿ, ಹಾಲು ನೋಡಿ, ಕಾಂಡಕ್ಕೆ ಬಾಳೆನಾರು ಕಟ್ಟಿ ಬನ್ನಿ. ಮರುದಿನ ಕಟ್ಟಿದ ಮರಕ್ಕೇ ಹೋಗಿ. ಎಲೆ ಕಾಣದಷ್ಟು ಎತ್ತರದ ಮರವಾದರೆ ಬೇರೆ ಮರ ನೋಡಿ. ಪೇಟೆಯಲ್ಲಿ ಯಾರೋ ಬಾಟಲಿಯಲ್ಲಿ ತುಂಬಿಸಿ ಕೊಟ್ಟದ್ದನ್ನು ನಾನಂತೂ ಕುಡಿಯುವುದಿಲ್ಲ. ಉಳಿದದ್ದು ನಿಮಗೆ ಗೊತ್ತಿದ್ದದ್ದೇ, ಓಮ, ಬೆಳ್ಳುಳ್ಳಿ, ಕಾಳುಮೆಣಸು, ಕಾದ ಬೆಣಚುಕಲ್ಲಿನ ಒಗ್ಗರಣೆ, ಆಮೇಲೆ ತಂಪಿಗೆ ಮೆಂತೆ ಗಂಜಿ. ನಮ್ಮ ಪಕ್ಕದ ಮಲಯಾಳಿ ಮನೆಯವರಿಗೆ ಇದೇ ಮರ ಯಕ್ಷಿ ವಾಸಿಸುವ ಮರ. ರಾತ್ರಿ ಅದರ ಬುಡಕ್ಕೆ ಹೋಗುವವರು ನಾವು ಎಂದು ಅವರಿಗೆ ಬೆರಗು.

ಹಲಸು, ಹೆಬ್ಬಲಸು, ಜೀಗುಜ್ಜೆ (ಬ್ರೆಡ್‌ಫ್ರೂಟ್). ಸಸಿಯಲ್ಲೇ ವ್ಯತ್ಯಾಸ ಹೇಳಬಹುದೇ?

ದೊಡ್ಡ ಮರವಾದ ಮೇಲೆ ಕುರುಡನಿಗೂ ಗೊತ್ತಾಗುತ್ತದೆ, ಸಸಿಯಲ್ಲಿ ಸ್ವಲ್ಪ ಮೋಸ. ಎಳೆಯ ಹೆಬ್ಬಲಸಿನ ಎಲೆ ದೊಡ್ಡದು, ಅಂಚು ಸೀಳುಸೀಳಾಗಿರುತ್ತದೆ. ಅದನ್ನು ಜೀಗುಜ್ಜೆ ಎಂದು ಮಾರಿದವರೂ ಇದ್ದಾರೆ, ಐದು ವರ್ಷ ನೀರು ಹೊಯ್ದ ಮೇಲೆ ಎಲೆಯ ಸೀಳು ಮಾಯವಾಗಿ ಮರ ಸೀದಾ ಆಕಾಶಕ್ಕೆ ಹೋಯಿತು ಎಂದು ಅತ್ತವರನ್ನೂ ನೋಡಿದ್ದೇನೆ. ಹೆಬ್ಬಲಸಿನ ಎಲೆಯ ಹಿಂಬದಿ ಮುಟ್ಟಿದರೆ ರೋಮ ರೋಮ, ಒರಟು. ಜೀಗುಜ್ಜೆಗೆ ಬೀಜವಿಲ್ಲ, ಹೆಚ್ಚಾಗಿ ಬೇರಿನಿಂದ ಎದ್ದ ಸಸಿಯಿಂದ ಬೆಳೆಸುವುದು. ಬೀಜದಿಂದ ಹುಟ್ಟಿದ ಸಸಿ ಎಂದು ಮಾರುವವರು ಹೇಳಿದರೆ ಅದು ಜೀಗುಜ್ಜೆ ಅಲ್ಲ.

ಹಲಸು ಕಾಂಡದಲ್ಲೇ ಕಾಯಿ ಬಿಡುತ್ತದೆ. ಹೆಬ್ಬಲಸು ಗೆಲ್ಲಿನ ತುದಿಯಲ್ಲಿ, ಮುಷ್ಟಿಯಷ್ಟೇ ದೊಡ್ಡ ಮುಳ್ಳುಮುಳ್ಳು ಹಣ್ಣು, ಒಳಗೆ ಕಿತ್ತಳೆ ಬಣ್ಣದ ಸಣ್ಣ ಸೊಳೆ. ತುಳುವಿನಲ್ಲಿ ಪೆಜಕಾಯಿ, ಮಲಯಾಳದಲ್ಲಿ ಆಂಜಿಲಿ ಅಥವಾ ಅಯನಿ. ನನ್ನ ಮಟ್ಟಿಗೆ ರುಚಿಯಲ್ಲಿ ಹಲಸಿಗಿಂತ ಒಂದು ತೂಕ ಮೇಲೆ, ಆದರೆ ಮರ ಹತ್ತುವವರು ಈಗ ಯಾರಿದ್ದಾರೆ? ಬಾವಲಿಗೂ ಹಕ್ಕಿಗೂ ಬಿಟ್ಟದ್ದು. ಬೀಜ ಹುರಿದರೆ ನೆಲಗಡಲೆಯನ್ನು ಮರೆಸುತ್ತದೆ. ಉದುರಿದ ಗಂಡು ಹೂವಿನ ಬತ್ತಿಯನ್ನು ಒಣಗಿಸಿ ಹೊತ್ತಿಸಿದರೆ ಊದುಕಡ್ಡಿಯ ಹಾಗೆ ನಿಧಾನಕ್ಕೆ ಹೊಗೆಯಾಡುತ್ತದೆ. ಸೊಳ್ಳೆ ಓಡಿಸಲು, ಪಟಾಕಿ ಹೊತ್ತಿಸಲು ಅದೇ ಸಾಕಿತ್ತು. ಮರ ನೀರಿಗೆ ಜಗ್ಗದು, ದೋಣಿಗೆ ಬೇಕಾದದ್ದು.

ಹಲಸಿನ ಬಗ್ಗೆ ಬರೆಯಲು ಕುಳಿತರೆ ಈ ಪುಟ ಸಾಲದು. 2018ರಲ್ಲಿ ಕೇರಳ ಅದನ್ನು ರಾಜ್ಯದ ಹಣ್ಣು ಎಂದು ಘೋಷಿಸಿದಾಗ ನಮ್ಮ ಮನೆಯಲ್ಲಿ ನಕ್ಕರು, ನಮಗೆ ಅದು ಹಣ್ಣು ಮಾತ್ರವೇ? ಗುಜ್ಜೆಯಿದ್ದಾಗ ಪಲ್ಯ, ಬೆಳೆದಾಗ ಹಪ್ಪಳ, ಹಣ್ಣಾದಾಗ ಎಲೆಯಲ್ಲಿ ಬೇಯಿಸುವ ಗಟ್ಟಿ, ಮಳೆಗಾಲಕ್ಕೆ ಭರಣಿಯಲ್ಲಿ ಉಪ್ಪುಸೊಳೆ, ಅದರಿಂದ ಉಂಡ್ಲಕಾಳು, ಬೇಳೆಯನ್ನು ಬೇಯಿಸಿ ಒಣಗಿಸಿದರೆ ಸಾಂತಾಣಿ. ಎಲೆ ಕೊಟ್ಟಿಗೆ ಕಡುಬಿಗೆ, ಆಡಿನ ಮೇವಿಗೆ. ಮರದಿಂದ ಚೆಂಡೆ, ಮೃದಂಗ. ಬರ್ಕೆಯೋ (ಗಟ್ಟಿ ಸೊಳೆಯದ್ದು) ತುಳುವನೋ (ಮೆತ್ತನೆ ಸೊಳೆಯದ್ದು) ಎಂದು ಹಣ್ಣು ಕೊಯ್ಯದೆ ಹೇಳುವ ವಿದ್ಯೆ ನನಗೆ ಇನ್ನೂ ಕೈಹತ್ತಿಲ್ಲ. ಬೆರಳಿನಿಂದ ತಟ್ಟಿ ಹೇಳುವ ಅಜ್ಜಂದಿರಿದ್ದಾರೆ, ಅವರನ್ನೇ ಕೇಳಿ.

ಪುನರ್ಪುಳಿಯೂ ಮಂತುಹುಳಿಯೂ ಒಂದೇ ಅಲ್ಲವೇ? ಅಂಗಡಿಯಲ್ಲಿ ಎರಡೂ ಕಪ್ಪಗೆ ಒಣಗಿದ ಸಿಪ್ಪೆ.

ಅಣ್ಣ ತಮ್ಮ ಎನ್ನಬಹುದು, ಒಬ್ಬರೇ ಅಲ್ಲ. ಎರಡಕ್ಕೂ ಹಳದಿ ಸೊನೆ. ಪುನರ್ಪುಳಿಯ ಗೆಲ್ಲುಗಳು ಜೋಲು ಬಿದ್ದಂತೆ ಇಳಿಯುತ್ತವೆ, ಚಿಗುರು ಕೆಂಪು, ಹಣ್ಣು ನುಣುಪಾದ ಗುಂಡು, ಪಕ್ವವಾದಾಗ ಕಡು ಕೆಂಪು. ಘಟ್ಟದ ಮೇಲಿನವರು ಮುರುಗಲು ಎನ್ನುವುದು ಇದನ್ನೇ. ಮಂತುಹುಳಿಯ ಹಣ್ಣು ಹಳದಿ, ಪುಟ್ಟ ಸಿಹಿಕುಂಬಳದಂತೆ ಉದ್ದಕ್ಕೆ ಗೀರುಗಳು. ಉಪ್ಪಾಗೆ, ಮಲಯಾಳದಲ್ಲಿ ಕುಡಂಪುಳಿ.

ಒಣಗಿಸುವ ರೀತಿಯೇ ಬೇರೆ, ಅದಕ್ಕೆ ಕಾರಣ ಆಕಾಶ. ಪುನರ್ಪುಳಿ ಏಪ್ರಿಲ್, ಮೇ ತಿಂಗಳಿನಲ್ಲಿ ಹಣ್ಣಾಗುತ್ತದೆ, ಬಿಸಿಲಿದೆ, ಅಂಗಳದಲ್ಲಿ ಚಾಪೆ ಹಾಸಿದರೆ ಸಾಕು. ಮಂತುಹುಳಿ ಹಣ್ಣಾಗಿ ಉದುರುವುದು ಮಳೆಗಾಲದಲ್ಲಿ. ಬಿಸಿಲು ಎಲ್ಲಿಂದ ತರುವುದು? ಹಾಗಾಗಿ ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಗೆ ಇಟ್ಟು ಒಣಗಿಸುತ್ತಾರೆ, ಉಪ್ಪು, ತೆಂಗಿನೆಣ್ಣೆ ಸವರಿ ಇಡುತ್ತಾರೆ. ಕುಡಂಪುಳಿಯ ಹೊಗೆವಾಸನೆ ಹೀಗೆ ಬಂದದ್ದು, ಮೀನಿನ ಸಾರಿಗೆ ಅದೇ ಹೊಂದುವುದು. ಪುನರ್ಪುಳಿ ಸಾರಿಗೂ ಶರಬತ್ತಿಗೂ. ಅಂಗಡಿಯಲ್ಲಿ ಗೊತ್ತಾಗದಿದ್ದರೆ ಒಂದು ಚೂರು ನೀರಿಗೆ ಹಾಕಿ, ಪುನರ್ಪುಳಿ ನೀರನ್ನು ಕೆಂಪಾಗಿಸುತ್ತದೆ.

ಮಂತುಹುಳಿ ಮಾತ್ರೆಯಿಂದ ಬೊಜ್ಜು ಕರಗುತ್ತದೆ, ಬಿಂಬುಳಿ ರಸದಿಂದ ಕೊಲೆಸ್ಟರಾಲ್ ಇಳಿಯುತ್ತದೆ ಎನ್ನುತ್ತಾರಲ್ಲ?

ಸಾರಿನಲ್ಲಿ ನಾಲ್ಕು ಎಸಳು ಹಾಕುವುದು ಬೇರೆ, ಸಾರ ತೆಗೆದು ಮಾತ್ರೆ ಮಾಡಿ ನುಂಗುವುದು ಬೇರೆ. ಅಂಥ ಮಾತ್ರೆಗಳಿಂದ ಯಕೃತ್ತಿಗೆ ಏಟು ಬಿದ್ದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಬಿಂಬುಳಿಯದ್ದು ಇನ್ನೂ ಹತ್ತಿರದ ಕತೆ. ಕೊಲೆಸ್ಟರಾಲಿಗೆಂದು ಗಟ್ಟಿ ರಸವನ್ನು ಕುಡಿದು ಮೂತ್ರಪಿಂಡ ಕೆಟ್ಟು ಆಸ್ಪತ್ರೆ ಸೇರಿದವರ ಬಗ್ಗೆ ಕೇರಳದ ವೈದ್ಯರೇ ಬರೆದಿದ್ದಾರೆ, ಕಾರಣ ಅದರಲ್ಲಿ ತುಂಬಿರುವ ಆಕ್ಸಲೇಟ್. ಉಪ್ಪಿನಕಾಯಿ ಹಾಕಿ, ಸಾಂಬಾರಿಗೆ ಹಾಕಿ, ಲೋಟದಲ್ಲಿ ಕುಡಿಯಬೇಡಿ. ಮೂತ್ರಪಿಂಡದ ತೊಂದರೆ ಇರುವವರಿಗೆ ದಾರೆಹುಳಿಯೂ (ಸ್ಟಾರ್ ಫ್ರೂಟ್) ಬೇಡ.

ಗುಡ್ಡೆಯಲ್ಲಿ ಸೊಪ್ಪು ತರಲು ಹೋಗಿ ಮೈಯೆಲ್ಲ ಬಾತುಕೊಂಡಿತು. ಯಾವ ಮರ?

ಬಹುಶಃ ಚೇರೆ, ಹೊಳೆಗೇರು. ಮಾವು, ಗೇರು, ಕರ್ತರಿಸಿದರೆ ಕಪ್ಪಾಗುವ ಕರಿಗೇರು ಎಲ್ಲ ಒಂದೇ ಕುಟುಂಬ. ಗೇರುಬೀಜದ ಸಿಪ್ಪೆಯ ಎಣ್ಣೆ ತುಟಿ ಸುಡುವುದು, ಮಾವಿನ ಸೊನೆ ಕೆನ್ನೆಗೆ ಹುಣ್ಣು ಮಾಡುವುದು ಇದೇ ಬಳುವಳಿ. ಚೇರೆಯ ಎಲೆ ಉದ್ದ, ತುದಿಯ ಕಡೆ ಅಗಲ, ಗೆಲ್ಲಿನ ತುದಿಯಲ್ಲಿ ಗೊಂಚಲು. ಎಳೆ ಎಲೆಯ ತೊಟ್ಟಿನಲ್ಲಿ ಎರಡು ಮೆತ್ತನೆಯ ಸಣ್ಣ ಮುಳ್ಳುಗಳಂಥವು ಕಾಣುತ್ತವೆ, ಇದು ಒಳ್ಳೆಯ ಗುರುತು. ತೊಗಟೆಯ ಮೇಲೆ ಕಪ್ಪು ಕಲೆಗಳು ಇಳಿದಿರುತ್ತವೆ.

ಚೇರ್ ಮುಟ್ಟಿದವರು ತಾನ್ನಿ ಮರಕ್ಕೆ ಸುತ್ತು ಬಂದರೆ ಗುಣವಾಗುತ್ತದೆ ಎಂದು ಮಲಯಾಳಿಗಳ ನಂಬಿಕೆ. ತಾನ್ನಿ ಎಂದರೆ ನಮ್ಮ ತಾರೆ, ತ್ರಿಫಲದಲ್ಲಿ ಒಂದು. ಸುತ್ತು ಬರಲು ನನ್ನ ಅಡ್ಡಿಯಿಲ್ಲ, ಅದಕ್ಕೆ ಮೊದಲು ಸಾಬೂನು ಹಾಕಿ ಚೆನ್ನಾಗಿ ತೊಳೆಯಿರಿ, ಬಟ್ಟೆಯನ್ನೂ ಕತ್ತಿಯ ಹಿಡಿಯನ್ನೂ ತೊಳೆಯಿರಿ, ತುರಿಸಬೇಡಿ. ಮುಖ, ಕಣ್ಣು ಬಾತರೆ ಡಾಕ್ಟರು. ಚೇರೆಯ ಸೌದೆಯನ್ನು ಒಲೆಗೆ ಹಾಕಿದರೆ ಹೊಗೆಯೂ ಕಾಟ ಕೊಡುತ್ತದೆ.

ಹೊಳೆಬದಿಯಲ್ಲಿ ಮಾವಿನಕಾಯಿಯಂತೆ ಹಸಿರು ಕಾಯಿ ತುಂಬಿದ ಮರ ಇದೆ. ಉಪ್ಪಿನಕಾಯಿಗೆ ಆಗುತ್ತದೆಯೇ?

ಮುಟ್ಟಬೇಡಿ. ಅದು ಒದಲಂ ಇರಬೇಕು, ಕನ್ನಡದಲ್ಲಿ ಚಂಡೆ ಮರ. ಹಿನ್ನೀರಿನ ಬದಿಯಲ್ಲಿ, ಗದ್ದೆ ಬೇಲಿಯಲ್ಲಿ ಸಾಮಾನ್ಯ. ಬೀಜ ಹೃದಯವನ್ನೇ ನಿಲ್ಲಿಸುವಷ್ಟು ವಿಷ. ಹೂ ಬಿಳಿ, ಐದು ಎಸಳು, ದೇವಕಣಗಿಲೆಯ ಸಂಬಂಧಿ ಎಂದು ನೋಡಿದರೇ ತಿಳಿಯುತ್ತದೆ. ತೊಟ್ಟು ಮುರಿದರೆ ಬಿಳಿ ಹಾಲು, ಮಾವಿನ ಪರಿಮಳ ಇಲ್ಲವೇ ಇಲ್ಲ. ಮಕ್ಕಳು ಆಟವಾಡುವ ಜಾಗದಲ್ಲಿದ್ದರೆ ಅವರಿಗೆ ಮೊದಲೇ ತೋರಿಸಿಡಿ.

ಬೈನೆ, ತಾಳೆ, ಶ್ರೀತಾಳೆ ಬೇರೆ ಬೇರೆ ಎಂದು ಹೇಗೆ ಗೊತ್ತಾಗುತ್ತದೆ?

ಬೈನೆಯ ಗರಿ ಎರಡು ಸಲ ಕವಲೊಡೆಯುತ್ತದೆ, ಒಂದೊಂದು ಚೂರೂ ಮೀನಿನ ಬಾಲದಂತೆ. ತೆಂಗು, ಅಡಕೆ ಯಾವುದಕ್ಕೂ ಹೀಗಿಲ್ಲ. ಕಳ್ಳು ಬರುತ್ತದೆ, ಕಾಂಡದ ತಿರುಳಿನಲ್ಲಿ ಸಾಬಕ್ಕಿಯಂಥ ಹಿಟ್ಟಿದೆ, ಹಣ್ಣು ಮುಟ್ಟಿದರೆ ಕೈಯೆಲ್ಲ ತುರಿಕೆ. ತಾಳೆ, ಶ್ರೀತಾಳೆ ಎರಡಕ್ಕೂ ಬೀಸಣಿಗೆಯ ಎಲೆ. ಶ್ರೀತಾಳೆಯದ್ದು ಮಾತ್ರ ಮನುಷ್ಯ ಅಡಗಿ ಕೂರುವಷ್ಟು ದೊಡ್ಡದು. ತುಳುವಿನಲ್ಲಿ ಪನೋಳಿ, ಮಲಯಾಳದಲ್ಲಿ ಕುಡಪ್ಪನ, ಕೊಡೆ ಮಾಡುತ್ತಿದ್ದ ಕಾರಣ ಆ ಹೆಸರು. ತಾಳೆಗರಿ ಗ್ರಂಥಗಳಿಗೂ ಇದರ ಓಲೆ ಮೆದುವಾದ್ದರಿಂದ ಇಷ್ಟ. ಹಲವು ದಶಕ ಬದುಕಿ, ಒಂದೇ ಒಂದು ಸಲ ನೆತ್ತಿಯ ಮೇಲೆ ರಥದಂತೆ ಹೂ ಬಿಟ್ಟು, ಕಾಯಿ ಉದುರಿಸಿ ಸಾಯುತ್ತದೆ. ಹೂ ಬಿಟ್ಟರೆ ಮನೆಗೆ ಕೇಡು ಎಂದು ಕಡಿಸುವವರಿದ್ದಾರೆ. ದಯವಿಟ್ಟು ಬಿಡಿ, ಬೀಜ ಉದುರಲಿ, ಹೇಗೂ ಅದು ಸಾಯಲಿದೆ.

ಕಡುಬಿಗೆ, ಗಟ್ಟಿಗೆ ಯಾವ ಯಾವ ಮರದ ಎಲೆ ಬಳಸಬಹುದು?

ಬಾಳೆ, ಹಲಸು ಎಲ್ಲರಿಗೂ ಗೊತ್ತು. ತೇಗದ ಎಲೆಯಲ್ಲಿ ಬೇಯಿಸಿದರೆ ಗಟ್ಟಿಗೆ ಕೆಂಪು ಬಣ್ಣ ಹತ್ತುತ್ತದೆ. ಈಗಿನ ಮಕ್ಕಳಿಗೆ ಗೊತ್ತಿಲ್ಲದ್ದು ಉಪ್ಪಳಿಗೆ, ಮಲಯಾಳದಲ್ಲಿ ವಟ್ಟ ಅಥವಾ ಉಪ್ಪಿಲ. ಗುರುತು ಬಹಳ ಸುಲಭ, ತೊಟ್ಟು ಎಲೆಯ ಅಂಚಿಗೆ ಅಲ್ಲ, ತಾವರೆ ಎಲೆಯಂತೆ ಒಳಗೆ ಕೂಡಿಕೊಳ್ಳುತ್ತದೆ. ಕಡಿದ ಗುಡ್ಡೆಯಲ್ಲಿ, ರಸ್ತೆ ಅಗಲ ಮಾಡಿದ ಕಡೆ ಮೊದಲು ಏಳುವ ಮರ ಇದು.

ಕೊಡಿ ತಂಬುಳಿಗೆ ಯಾವ ಚಿಗುರು ಆಗುತ್ತದೆ?

ಗೇರು, ಪೇರಳೆ, ನೆಲ್ಲಿ, ಕುಂಟುನೇರಳೆ. ಇಷ್ಟೇ ಎಂದು ಅಲ್ಲ, ಆದರೆ ಶುರು ಮಾಡುವವರು ಇವುಗಳಲ್ಲೇ ಇರಿ. ತುಪ್ಪದಲ್ಲಿ ಜೀರಿಗೆ, ಕಾಳುಮೆಣಸಿನ ಜೊತೆ ಬಾಡಿಸಿ, ತೆಂಗಿನಕಾಯಿ ಸೇರಿಸಿ ಅರೆದು, ಮಜ್ಜಿಗೆ ಹಾಕುವುದು. ಚಿಗುರಿನಲ್ಲಿ ಎಲ್ಲ ಮರವೂ ಕೆಂಪಗೆ ಮುದ್ದಾಗಿ ಕಾಣುತ್ತದೆ ಎಂಬುದೇ ಅಪಾಯ. ಆ ಗೆಲ್ಲಿನ ಬಲಿತ ಎಲೆಯನ್ನು ನೋಡಿ ಗುರುತು ಹಿಡಿದು, ಆಮೇಲೆ ಕೊಡಿ ಚಿವುಟಿ. ಗೇರು ತೋಟಕ್ಕೆ ಔಷಧಿ ಬಿಟ್ಟ ಸಮಯದಲ್ಲಿ ಬೇಡ. ಎಂಡೋಸಲ್ಫಾನ್ ಕೀಟನಾಶಕದ ದುರಂತ ಕಂಡ ಜಿಲ್ಲೆಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಗೂಗಲ್ ಲೆನ್ಸ್ ಸರಿಯಾಗಿ ಹೇಳುತ್ತದೆಯೇ?

ಹೂವಿದ್ದರೆ ಹೆಚ್ಚಾಗಿ ಹೇಳುತ್ತದೆ. ಬರೀ ಎಲೆಯಾದರೆ ನನ್ನ ಹಾಗೆ ದೊಡ್ಡ ಗಂಟಲಿನಲ್ಲಿ ತಪ್ಪು ಹೇಳುತ್ತದೆ. ಬಾಯಿಗೆ ಹಾಕುವ ವಿಷಯದಲ್ಲಿ ಅದನ್ನು ಕೇಳಬೇಡಿ. ಪಂಚಾಯತಿನ ಜೀವವೈವಿಧ್ಯ ದಾಖಲೆಯನ್ನು ಕೇಳಿ ನೋಡಿ, ಊರಿನ ಹೆಸರುಗಳೇ ಅದರಲ್ಲಿರುತ್ತವೆ. ಇಲ್ಲವೇ ಒಂದು ಗೆಲ್ಲು ಹಿಡಿದುಕೊಂಡು ಕೃಷಿಭವನಕ್ಕೆ ಹೋಗಿ, ಅಥವಾ ಪಡನ್ನಕ್ಕಾಡಿನ ಕೃಷಿ ಕಾಲೇಜಿನಲ್ಲಿ ವಿಚಾರಿಸಿ.

ಮಗು ಏನೋ ಕಾಯಿ ತಿಂದಿದೆ. ಏನು ಮಾಡಲಿ?

ನನಗೆ ಫೋಟೋ ಕಳಿಸುತ್ತಾ ಕೂರಬೇಡಿ. ಆಸ್ಪತ್ರೆಗೆ ಹೊರಡಿ. ಉಳಿದ ಕಾಯಿ, ಒಂದು ಗೆಲ್ಲು ಚೀಲದಲ್ಲಿ ಹಾಕಿಕೊಳ್ಳಿ, ಡಾಕ್ಟರಿಗೆ ಅದು ಬೇಕು. ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸಬೇಡಿ, ಹುಣಸೆ ನೀರು, ಮಜ್ಜಿಗೆ ಕುಡಿಸಬೇಡಿ. ಕಾಸರಕದ ಬೀಜ ಜಗಿದಿದ್ದರೆ ಅರ್ಧ ಗಂಟೆಯ ಒಳಗೇ ಮೈ ಸೆಟೆದುಕೊಳ್ಳಲು ಶುರುವಾಗಬಹುದು, "ನೋಡೋಣ" ಎಂದು ಕಾಯುವ ಹಾಗಿಲ್ಲ.

ಹಿತ್ತಲಿನಲ್ಲಿ ಕಾಸರಕ ಇದೆ ಎಂದು ನಿಮ್ಮಿಂದ ಗೊತ್ತಾಯಿತು. ಕಡಿಸಿಬಿಡಲೇ?

ಈ ಪ್ರಶ್ನೆ ಬಂದಾಗೆಲ್ಲ ನಾನು ತಪ್ಪು ಮಾಡಿದೆನೇ ಅನಿಸುತ್ತದೆ. ಇಷ್ಟು ವರ್ಷ ಹೆಸರು ಗೊತ್ತಿಲ್ಲದೆ ಅದರ ನೆರಳಿನಲ್ಲೇ ಬಟ್ಟೆ ಒಣಗಿಸಿದ್ದೀರಿ. ನೆರಳಿಗೆ ವಿಷವಿಲ್ಲ, ಮುಟ್ಟಿದರೂ ಏನಾಗದು. ಮನೆಯಲ್ಲಿ ನಡೆಯಲು ಕಲಿಯುತ್ತಿರುವ ಮಗುವಿದ್ದರೆ, ಹಣ್ಣಾಗುವ ತಿಂಗಳುಗಳಲ್ಲಿ ಬುಡ ಗುಡಿಸಿ ಬಿದ್ದ ಹಣ್ಣನ್ನು ಹೂತುಬಿಡಿ. ಉಳಿದವರಿಗೆ ಮರ ತೋರಿಸಿ, ಒಂದು ಹಣ್ಣು ಒಡೆದು ನಾಣ್ಯದ ಬೀಜ ಕೈಗೆ ಕೊಟ್ಟು ಹೇಳಿ, ಆಮೇಲೆ ಕೈ ತೊಳೆಸಿ. ಕಳೆದ ವರ್ಷ ಹೀಗೆ ಕೇಳಿದವರೊಬ್ಬರ ಮನೆಗೆ ಈ ಫೆಬ್ರವರಿಯಲ್ಲಿ ಹೋಗಿದ್ದೆ. ಮರ ಇತ್ತು. ಕಾಂಡಕ್ಕೆ ಅವರ ಮಗಳು ಕನ್ನಡದಲ್ಲಿ "ಕಾಸರಕ, ತಿನ್ನಬಾರದು" ಎಂದು ಬರೆದು ಹಲಗೆ ತೂಗುಹಾಕಿದ್ದಳು. ಕೆಳಗೆ ಮಲಯಾಳದಲ್ಲಿ ಪಕ್ಕದ ಮನೆಯ ಹುಡುಗ ಬರೆದದ್ದು.